ಎಡಗಡೆಯ ಹಿಂದಿನ ಗಾಜು

ಕಾರಿನ ಗಾಜಿಗೆ ಟೂತ್‌ಪೇಸ್ಟ್ ತಿಕ್ಕುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರೋ ಒಬ್ಬ ಮೂರು ನಿಮಿಷದ ವಿಡಿಯೋ ಮಾಡಿ ಹಾಕಿರುತ್ತಾನೆ, ಇವರು ಅದನ್ನು ನೋಡಿದ್ದೇ ತಡ ಬಚ್ಚಲಿಗೆ ಓಡುತ್ತಾರೆ. ಅರ್ಧ ಟ್ಯೂಬು ಖಾಲಿಯಾದರೂ ಗೀರು ಅಲ್ಲೇ ಇರುತ್ತದೆ, ಕಾರು ಮಾತ್ರ ಪುದೀನ ವಾಸನೆ ಹೊಡೆಯುತ್ತಿರುತ್ತದೆ. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಗಾಜಿನ ಗೀರು ತೆಗೆಯುವುದೇ ನನ್ನ ಕಸುಬು. ನಮ್ಮ ಬೀದಿಯಲ್ಲಿ ಎಲ್ಲರೂ ನನ್ನನ್ನು ಗಾಜಕ್ಕ ಎಂದೇ ಕರೆಯುವುದು.

ನನ್ನ ಒಡಹುಟ್ಟಿದ ಅಣ್ಣ ಟೂತ್‌ಪೇಸ್ಟಿಗೂ ನಿಲ್ಲಲಿಲ್ಲ. ಮೂರು ದಿನ ಅದನ್ನು ತಿಕ್ಕಿ, ನಾಲ್ಕನೆಯ ದಿನ ಅಡುಗೆಮನೆಯ ಪಾತ್ರೆ ಉಜ್ಜುವ ಸ್ಟೀಲಿನ ಬ್ರಷ್ಷು ತಂದು ಉಜ್ಜಿ, ಐದನೆಯ ದಿನ ನನಗೆ ಫೋನು ಮಾಡಿದ.

"ಲೇ, ನಾಡಿದ್ದು ಭಾನುವಾರ ಬಾ. ಎಡಗಡೆ ಹಿಂದಿನ ಗಾಜು ಗೀರಾಗಿದೆ. ನಾಲ್ಕು ಗಂಟೆಗೆ ಕಾರು ಕೊಳ್ಳೋರು ನೋಡೋಕೆ ಬರ್ತಾರೆ."

"ಅಂಗಡಿಗೇ ತಗೊಂಡ್ ಬಾ."

"ಅಷ್ಟು ದೂರ ಯಾಕೆ? ಮನೇಲೇ ಮಾಡು. ಅಮ್ಮನ್ನೂ ನೋಡಿದ ಹಾಗಾಗುತ್ತೆ."

ಕೊನೆಯ ಮಾತು ನನಗೆ ಚುಚ್ಚಿತು. ಅಮ್ಮ ನಾಲ್ಕು ವರ್ಷದಿಂದ ಅಣ್ಣನ ಮನೆಯಲ್ಲಿದ್ದಾಳೆ. ಎಪ್ಪತ್ತೆಂಟು ವಯಸ್ಸು, ಮಂಡಿ ಹೋಗಿದೆ, ಮರೆವು ಸ್ವಲ್ಪ. ಈಚೆಗೆ ಮೂರು ಸಲ ಫೋನಿನಲ್ಲಿ "ನಿನ್ನ ಮನೆಗೆ ನಾಲ್ಕು ದಿನ ಬಂದಿರ್ಲಾ?" ಎಂದು ಕೇಳಿದ್ದಳು. ಮೂರು ಸಲವೂ ನಾನು ಮೆಟ್ಟಿಲಿನ ನೆಪ ಹೇಳಿದ್ದೆ. ನನ್ನ ಮನೆ ಅಂಗಡಿಯ ಮೇಲೆ, ಹದಿನೇಳು ಕಡಿದಾದ ಮೆಟ್ಟಿಲು. ನೆಪ ಸುಳ್ಳಲ್ಲ. ಆದರೆ ಎರಡೇ ಕೋಣೆಯಲ್ಲಿ ಅಮ್ಮನನ್ನು ಇಟ್ಟುಕೊಳ್ಳುವುದು ಯಾರಿಗೆ ಬೇಕಾಗಿದೆ ಎನ್ನುವ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಈ ಸಲ ಹೋದಾಗ ಅವಳು ಮುಖ ನೋಡಿಯೇ ಕೇಳುತ್ತಾಳೆ, ಹೌದೋ ಅಲ್ಲವೋ ಹೇಳಲೇಬೇಕು. ದಾರಿಯುದ್ದಕ್ಕೂ ವ್ಯಾನು ಓಡಿಸುತ್ತ ನಾನು ಹೊಸ ನೆಪ ಹುಡುಕುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಣ್ಣ ಗೇಟಿನಲ್ಲೇ ನಿಂತಿದ್ದ. ಹೊಟ್ಟೆ ಇನ್ನೊಂದು ಸುತ್ತು ದಪ್ಪವಾಗಿತ್ತು. ಕೈಯಲ್ಲಿ ಹಳದಿ ಬಟ್ಟೆ. ಅಣ್ಣನಿಗೆ ಕಾರು ಒರೆಸುವುದೆಂದರೆ ಪ್ರಾಣ. ಕೊಂಡು ಎಂಟು ವರ್ಷವಾದರೂ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ಹತ್ತುವವರು ಮೊದಲು ಚಪ್ಪಲಿ ಕೊಡವಬೇಕು. ಕಾರಿನೊಳಗೆ ಯಾರೂ ಏನೂ ತಿನ್ನಕೂಡದು, ನೀರು ಸಹ ಕುಡಿಯಕೂಡದು.

"ನೋಡು," ಎಂದು ಗಾಜಿನ ಮುಂದೆ ಬಗ್ಗಿದ. "ಕ್ಲಬ್ಬಿನ ಕಾವಲುಗಾರನ ಕೆಲಸ ಇದು. ಅವನಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು. ಕೇಳಿದ್ರೆ ನಾನಲ್ಲ ಅಂದ. ಬಿಡ್ತೀನಾ? ಕಾರ್ಯದರ್ಶಿ ಹತ್ರ ಹೇಳಿ ಕೆಲಸದಿಂದ ತೆಗೆಸಿದೆ."

"ಅವನು ಗೀರಿದ್ದು ನೀನು ನೋಡಿದ್ಯಾ?"

"ನೋಡ್ಬೇಕಾ? ನಾನು ಒಳಗೆ ಕೇರಂ ಆಡ್ತಿರ್ತೀನಿ. ಹೊರಗೆ ಕಾರಿನ ಹತ್ರ ಓಡಾಡ್ತಿದ್ದೋನು ಅವನೊಬ್ನೇ."

ಗಾಜಿನ ಅಂಚಿನ ರಬ್ಬರಿನಲ್ಲಿ ಪೇಸ್ಟು ಒಣಗಿ ಬೆಳ್ಳಗೆ ಗಟ್ಟಿಯಾಗಿತ್ತು. ಸ್ಟೀಲ್ ಬ್ರಷ್ಷು ಗಾಜಿನ ತುಂಬ ಕೂದಲೆಳೆಯಂಥ ಸುರುಳಿಗಳನ್ನು ಬಿಟ್ಟಿತ್ತು. ಇದ್ದದ್ದು ಹತ್ತು ಗೀರು, ಇವನು ಮಾಡಿಟ್ಟದ್ದು ಹತ್ತು ಸಾವಿರ.

"ಇದು ಪಾತ್ರೆ ಅಂದ್ಕೊಂಡ್ಯಾ?" ಎಂದೆ.

"ನಿನಗೆ ಕೆಲಸ ಕೊಟ್ಟೆ ಅಂದ್ಕೋ," ಎಂದು ನಕ್ಕು, ಕಾರಿನ ಕೀಲಿ ನನ್ನ ಕೈಗೆ ಹಾಕಿ ಒಳಗೆ ಹೋದ.

ಗೀರು ತೆಗೆಯುವ ಕೆಲಸಕ್ಕೆ ಎರಡು ಜಾಗ ಬೇಕು. ಹುಡುಕುವುದು ಬಿಸಿಲಿನಲ್ಲಿ, ಉಜ್ಜುವುದು ನೆರಳಿನಲ್ಲಿ. ಓರೆ ಬಿಸಿಲು ಬಿದ್ದರೆ ಎಂಥ ಸಣ್ಣ ಗೀರೂ ಅಡಗಲಾರದು. ಆದರೆ ಬಿಸಿಲಲ್ಲಿ ಉಜ್ಜಲು ಹೋದರೆ ಗಾಜಿಗೆ ಹೊಳಪು ಕೊಡುವ ಸೀರಿಯಂ ಪುಡಿಯ ಲೇಪ ಕೂಡಲೇ ಒಣಗಿ, ಗಾಜು ಕಾದು ಬಿರುಕು ಬಿಡುತ್ತದೆ. ನಾನು ಕಾರನ್ನು ಅಂಗಳದ ನಡುವಿಗೆ, ನೇರ ಬಿಸಿಲಿಗೆ ತಂದು ನಿಲ್ಲಿಸಿದೆ. ಬಣ್ಣಕ್ಕೆ ತಾಗದಂತೆ ಗಾಜಿನ ಸುತ್ತ ಅಂಟುಪಟ್ಟಿ ಹಚ್ಚಿದೆ. ನಸುಗೆಂಪು ಪುಡಿಯನ್ನು ನೀರಿನಲ್ಲಿ ಕಲಸಿ ಮಜ್ಜಿಗೆಯ ಹದಕ್ಕೆ ತಂದಿಟ್ಟೆ. ಡ್ರಿಲ್ಲಿಗೆ ಉಣ್ಣೆಯ ಬಿಲ್ಲೆ ಸಿಕ್ಕಿಸಿದೆ. ಆಮೇಲೆ ಗಾಜಿನ ಮೇಲೆ ಉಗುರು ಆಡಿಸಿದೆ. ಉಗುರಿಗೆ ತಾಗದ ಗೀರು ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವ ಗೀರು ಹೋಗುವುದಿಲ್ಲ. ಹಟ ಹಿಡಿದು ಉಜ್ಜಿದರೆ ಗಾಜು ತಗ್ಗಾಗಿ, ಆಚೆ ಇರುವುದೆಲ್ಲ ಸೊಟ್ಟಗೆ ಕಾಣುತ್ತದೆ.

ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬ್ರಷ್ಷಿನ ಸುರುಳಿಗಳು ಬಿಟ್ಟರೆ ಹೊರಮೈ ನುಣ್ಣಗಿತ್ತು. ಆದರೆ ಕಣ್ಣಿಗೆ ಆ ಹಳೆಯ ಗೀರುಗಳು ಢಾಳಾಗಿ ಕಾಣುತ್ತಿದ್ದವು, ಉದ್ದುದ್ದ, ಅಡ್ಡಾದಿಡ್ಡಿ. ನನಗೆ ತಟ್ಟನೆ ನಗು ಬಂತು. ಗೀರು ಇದ್ದದ್ದು ಒಳಗಡೆ. ಆ ಮಹಾನುಭಾವ ನಾಲ್ಕು ದಿನ ಹೊರಗಡೆ ನಿಂತು ಉಜ್ಜಿದ್ದ!

ಇಂಥ ತಪ್ಪು ಬೇರೆ ಯಾರಿಂದಲೂ ಆಗುವುದಿಲ್ಲ. ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು ಗಾಜಿಗೆ ಕೈ ಇಟ್ಟಿದ್ದರೆ ಸಾಕಿತ್ತು. ಎಂಟು ವರ್ಷದಲ್ಲಿ ಆ ಸೀಟಿನಲ್ಲಿ ಅವನು ಒಂದು ಸಲವೂ ಕೂತಿರಲಿಲ್ಲ. ಅವನಿಗೊಂದು ಅಡ್ಡಹೆಸರಿಟ್ಟು ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ನಗಬೇಕು ಎಂದುಕೊಳ್ಳುತ್ತ ನಾನು ಒಳಗೆ ಕೂತು ಬಾಗಿಲು ಎಳೆದುಕೊಂಡೆ.

ಕೂತ ಕೂಡಲೇ ನಗು ನಿಂತಿತು. ಒಳಗೆ ನಿಂಬೆಹಣ್ಣಿನ ಸುಗಂಧದ ಡಬ್ಬಿ ಒಂದಲ್ಲ, ಮೂರು. ಮೂರೂ ಹಿಂದಿನ ಸೀಟಿನ ಹತ್ತಿರವೇ. ಅವುಗಳ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯ ಹೊಲಿಗೆಯಲ್ಲಿ ಹಳದಿ ಕಲೆ ಒಣಗಿತ್ತು. ಮಕ್ಕಳನ್ನು ಸಾಕಿದವಳಿಗೆ ಆ ವಾಸನೆ ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಅಣ್ಣನ ಮನೆಯಲ್ಲಿ ಮಕ್ಕಳಿಲ್ಲ, ನಾಯಿಯೂ ಇಲ್ಲ.

ಪ್ಲಾಸ್ಟಿಕ್ ತೊಡೆಗೆ ಅಂಟಿ ಸುಡುತ್ತಿತ್ತು. ನಾನು ಗಾಜಿನ ಒಳಮೈಗೆ ಉಗುರು ಇಟ್ಟೆ. ಉಗುರು ಸಿಕ್ಕಿಕೊಂಡಿತು. ಒಂದಲ್ಲ ಎರಡಲ್ಲ, ಬಹಳ ಕಡೆ.

ಗೀರು ಹೇಗಾಯಿತು ಎಂದು ತಿಳಿಯದೆ ನಾನು ಡ್ರಿಲ್ಲು ಮುಟ್ಟುವುದಿಲ್ಲ. ಕಾರಣ ಉಳಿದರೆ ತಿಂಗಳಲ್ಲಿ ಅದೇ ಗೀರು ವಾಪಸು ಬರುತ್ತದೆ, ಗಿರಾಕಿ ನನ್ನನ್ನು ಬಯ್ಯುತ್ತಾನೆ. ವೈಪರಿನ ಗೀರು ಬಿಲ್ಲಿನ ಹಾಗೆ ಬಾಗಿರುತ್ತದೆ. ಒಣಬಟ್ಟೆಯದು ಗುಂಡಗೆ. ಪೋಲಿಗಳು ಕೀಲಿಯಿಂದ ಎಳೆದದ್ದು ಒಂದೇ ಉದ್ದ ಗೆರೆ. ಇವು ಯಾವುದೂ ಅಲ್ಲ. ಇವು ಕೂತವರ ಮುಖದ ಎತ್ತರದಲ್ಲಿದ್ದವು, ಅದೂ ನನಗಿಂತ ಗಿಡ್ಡ ಇರುವವರ ಮುಖದ ಎತ್ತರದಲ್ಲಿ. ಕೆಲವು ಬಾಗಿಲಿನ ಚಿಲಕದ ಮೇಲ್ಗಡೆ ದಟ್ಟವಾಗಿದ್ದವು. ಬಹುಪಾಲು ಗಾಜಿನ ಮೇಲಂಚಿನಲ್ಲಿ, ರಬ್ಬರಿಗೆ ತಾಗಿ, ಕೆಳಮುಖವಾಗಿ. ಯಾರೋ ಗಾಜನ್ನು ಕೆಳಕ್ಕೆ ಎಳೆಯಲು ನೋಡಿದ್ದರು. ಬೆರಳಿನಲ್ಲಿ ಏನೋ ಗಟ್ಟಿಯಾದದ್ದು ಇತ್ತು.

ಅಮ್ಮನ ಉಂಗುರ.

ಅಪ್ಪ ಮದುವೆಯ ಹೊಸತರಲ್ಲಿ ಊರೂರು ತಿರುಗುವ ವ್ಯಾಪಾರಿಯ ಹತ್ತಿರ ಕೊಂಡದ್ದು. ಅದರ ಬಿಳಿ ಹರಳು ಗಾಜೇ ಇರಬೇಕು ಎಂದು ನಾವೆಲ್ಲ ಅಪ್ಪ ಸಾಯುವವರೆಗೂ ಅವನನ್ನು ಗೋಳು ಹೊಯ್ದುಕೊಂಡಿದ್ದೆವು. ಗಾಜಿನ ಹರಳು ಗಾಜಿನ ಮೇಲೆ ಇಷ್ಟು ಆಳ ಗೀರಲಾರದು. ಅಪ್ಪ ಮೋಸ ಹೋಗಿರಲಿಲ್ಲ. ಅದು ನನಗೆ ಗೊತ್ತಾದದ್ದು ಹೀಗೆ.

ಬಾಗಿಲು ತೆಗೆಯಲು ಹೋದರೆ ತೆರೆಯಲಿಲ್ಲ, ಒಳಗಿನಿಂದ ತೆಗೆಯಲಾಗದ ಮಕ್ಕಳ ಬೀಗ ಹಾಕಿತ್ತು. ಒಂದು ಕ್ಷಣ ನನ್ನ ಎದೆಯೂ ಹೊಡೆದುಕೊಂಡಿತು. ಆಚೆ ಬದಿಯ ಬಾಗಿಲೂ ಹಾಗೆಯೇ ಇತ್ತು. ಮುಂದಿನ ಎರಡು ಸೀಟಿನ ಸಂದಿಯಲ್ಲಿ ನುಸುಳಿ, ಡ್ರೈವರ್ ಬಾಗಿಲಿನಿಂದ ಹೊರಗೆ ಬಿದ್ದೆ. ಬುಧವಾರ ಮತ್ತು ಶನಿವಾರ ಅಣ್ಣ ನನಗೊಂದು ಫೋಟೊ ಕಳಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅಮ್ಮ, ಅದರ ಕೆಳಗೆ 'ಅಮ್ಮನ ಜೊತೆ ಸುತ್ತಾಟ' ಎಂಬ ಬರಹ. ನಾನು ಪ್ರತಿ ಸಲ ಒಂದು ಕೆಂಪು ಹೃದಯ ಒತ್ತಿ, ಸದ್ಯ ಅಣ್ಣನಾದರೂ ನೋಡಿಕೊಳ್ಳುತ್ತಿದ್ದಾನಲ್ಲ ಎಂದು ಫೋನು ಕೆಳಗಿಡುತ್ತಿದ್ದೆ.

ಅಮ್ಮ ಹಿಂದಿನ ಕೋಣೆಯಲ್ಲಿ ಮಂಚದ ತುದಿಯಲ್ಲಿ ಕೂತಿದ್ದಳು. ಬೆರಳಿನಲ್ಲಿ ಉಂಗುರ ಇರಲಿಲ್ಲ. ನನ್ನನ್ನು ಕಂಡು ಮುಖ ಅರಳಿತು.

"ಬಂದ್ಯಾ? ಊಟ ಮಾಡಿದ್ಯಾ?"

"ಉಂಗುರ ಎಲ್ಲಮ್ಮ?"

ಅರಳಿದ ಮುಖ ಮುದುಡಿತು. ದಿಂಬಿನ ಕೆಳಗೆ ಕೈ ಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದು ತೋರಿಸಿದಳು. ಆಮೇಲೆ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು.

"ಅವನಿಗೆ ಹೇಳ್ಬೇಡ ಕಣೇ. ಗಾಜು ನಾನೇ ಕೆಡಿಸಿದ್ದು. ಬೇಕು ಅಂತ ಮಾಡಿದ್ದಲ್ಲ. ಗಾಜು ಇಳಿಯುತ್ತೇನೋ ಅಂತ ಎಳೆದೆ. ಉಂಗುರ ತಾಗಿದ್ದು ಗೊತ್ತೇ ಆಗ್ಲಿಲ್ಲ. ಅವನು ಪಾಪ ಅಷ್ಟು ಜೋಪಾನವಾಗಿ ಇಟ್ಕೊಂಡಿರೋ ಕಾರು."

"ಎಷ್ಟು ಹೊತ್ತು ಕೂರಿಸ್ತಾನೆ?"

"ಐದೇ ನಿಮಿಷ ಬರ್ತೀನಿ ಅಂತ ಹೋಗ್ತಾನೆ. ಆಟ ಅಲ್ವಾ, ಒಂದಕ್ಕೊಂದು ಸೇರುತ್ತೆ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದು ಗಂಟೆ. ಕೆಲವು ಸಲ ಎರಡು. ಬುಧವಾರ ಶನಿವಾರ ನಿಮ್ಮತ್ತಿಗೆ ಹತ್ರ ಮುಖಕ್ಕೆ ಕ್ರೀಮು ಹಚ್ಚಿಸ್ಕೊಳ್ಳೋಕೆ ಹೆಂಗಸರು ಬರ್ತಾರಲ್ಲ, ನಾನಿದ್ರೆ ಕೆಮ್ತೀನಿ. ಆ ಕಾವಲುಗಾರ ಒಳ್ಳೇವ್ನು. ಬಿಸಿಲು ಬೀಳೋ ಕಡೆ ಗಾಜಿಗೆ ಹೊರಗಡೆಯಿಂದ ಒಂದು ರಟ್ಟು ಒರಗಿಸಿ ಇಡ್ತಿದ್ದ. ಮೂರು ವಾರದಿಂದ ಅವನೂ ಕಾಣ್ತಿಲ್ಲ."

ಆ ಮನುಷ್ಯ ಕಾರಿನ ಹತ್ತಿರ ಏಕೆ ಓಡಾಡುತ್ತಿದ್ದ ಎಂಬುದು ಈಗ ತಿಳಿಯಿತು.

"ಎಷ್ಟು ದಿನದಿಂದ ನಡೀತಿದೆ ಇದು? ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿ ಏನ್ ಮಾಡ್ಲಿ? ನಿನ್ನ ಮನೇಲಿ ಮೆಟ್ಟಿಲು."

ಅವಳು ಅದನ್ನು ಕೊಂಕಿಲ್ಲದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದುಕೊಂಡು, "ಗೀರು ಹೋಗುತ್ತೆ ತಾನೆ? ನೀನು ಜಾಣೆ. ಅವನಿಗೆ ಗೊತ್ತಾಗೋ ಮೊದ್ಲು ಉಜ್ಜಿಬಿಡು," ಎಂದಳು.

"ಅಮ್ಮ, ನಿನ್ನ ಬಟ್ಟೆ ಒಂದು ಚೀಲಕ್ಕೆ ತುಂಬ್ಕೋ. ಮಾತ್ರೆ ಮರೀಬೇಡ. ನನ್ನ ಜೊತೆ ಬರ್ತಿದ್ದೀಯ."

"ನಾಲ್ಕು ದಿನಕ್ಕಾ?"

"ಎಲ್ಲಾ ಬಟ್ಟೆ ತುಂಬ್ಕೋ."

ನಡುಮನೆಯಲ್ಲಿ ಅತ್ತಿಗೆ ಟೀ ಲೋಟ ಹಿಡಿದು ಬಂದಳು. "ನಿಮ್ಮಣ್ಣ ಎಷ್ಟು ಮಾಡ್ತಾರೆ ಗೊತ್ತಾ? ವಾರಕ್ಕೆ ಎರಡು ಸಲ ಅತ್ತೇನ ಸುತ್ತಾಡಿಸ್ಕೊಂಡು ಬರ್ತಾರೆ. ಹೊಸ ಕಾರು ತಗೊಳ್ತಿರೋದೂ ಅತ್ತೆಗೋಸ್ಕರಾನೇ," ಎಂದಳು. ಅವಳ ಬೆರಳುಗಳಿಂದ ಗುಲಾಬಿ ಕ್ರೀಮಿನ ಘಮ ಬರುತ್ತಿತ್ತು. ಲೋಟ ಮುಟ್ಟದೆ ಹೊರಗೆ ಬಂದೆ.

ಒಳಗಿನ ಗೀರು ಉಜ್ಜುವಾಗ ಲೇಪದ ಅಡಿಯಲ್ಲಿ ಗೀರು ಕಾಣುವುದಿಲ್ಲ. ಅದಕ್ಕೆ ಆಚೆ ಬದಿಯಲ್ಲಿ, ಅಂದರೆ ಹೊರಗಡೆಯಿಂದ, ಪ್ರತಿಯೊಂದರ ಮೇಲೂ ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು. ಇವು ಹೋಗುವ ಗೀರಲ್ಲ ಎಂದು ಗೊತ್ತಿದ್ದರೂ ನಾನು ಕೆಂಪು ಪೆನ್ನು ತೆಗೆದು ಒಂದೊಂದೇ ಗೀರಿನ ಮೇಲೆ ಎಳೆದೆ. ಎಣಿಸಲು ಹೋಗಲಿಲ್ಲ. ಮುಗಿಯುವಷ್ಟರಲ್ಲಿ ಗಾಜಿನ ಮೇಲರ್ಧ ಕೆಂಪಾಗಿತ್ತು. ಹತ್ತು ಗೆರೆ ಎಳೆದ ಮೇಲೆ ಇವು ಒಂದು ದಿನದ್ದಲ್ಲ ಎಂಬುದೂ ತಿಳಿಯಿತು. ಹಳೆಯವುಗಳಲ್ಲಿ ಧೂಳು ಕೂತು ಕಪ್ಪಾಗಿತ್ತು, ಹೊಸವು ಬೆಳ್ಳಗೆ ಹೊಳೆಯುತ್ತಿದ್ದವು.

ಆಮೇಲೆ ಅಣ್ಣನನ್ನು ಕರೆದೆ.

"ಆಯ್ತಾ?" ಎನ್ನುತ್ತ ಬಂದವನು ಕೆಂಪು ಗೆರೆಗಳನ್ನು ಕಂಡು ಕಂಗಾಲಾದ. "ಏನೇ ಇದು ಗಲೀಜು!"

"ಗೀರು ಒಳಗಡೆ ಇದೆ."

"ಒಳಗಡೆ ಯಾರು ಗೀರ್ತಾರೆ?"

"ನೀನೇ ಹೇಳು. ಒಳಗಡೆ ಯಾರನ್ನ ಕೂರಿಸ್ತೀಯ?"

ಅವನ ಕಣ್ಣು ಒಂದು ಸಲ ಮನೆಯ ಕಡೆ ಹೋಗಿ ಬಂತು. ಅಷ್ಟು ಸಾಕಾಯಿತು ನನಗೆ. ಆದರೆ ಅವನು ನಾಲಿಗೆ ಕಚ್ಚಿಕೊಳ್ಳುವ ಜಾತಿಯಲ್ಲ.

"ನೋಡು, ಒಂದು ಸಲ ಅಮ್ಮ ಬಾಗಿಲು ತೆಗೆದು ರಸ್ತೆಗೆ ನಡ್ಕೊಂಡು ಹೋಗಿದ್ರು. ಲಾರಿ ಕೆಳಗೆ ಬಿದ್ದಿದ್ರೆ ನೀನೇ ನನ್ನ ಬೈತಿದ್ದೆ. ಬೀಗ ಹಾಕಿದ್ದು ಅವರ ಒಳ್ಳೇದಕ್ಕೇ. ಗಾಜು ಇಳಿಸಿದ್ರೆ ಒಳಗೆ ಧೂಳು. ಇಂಜಿನ್ ಹಾಕಿಟ್ರೆ ಪೆಟ್ರೋಲು. ಒಂದು ಹತ್ತು ನಿಮಿಷ ತಾನೆ? ನೆಮ್ಮದಿಯಾಗಿ ಕೂತಿರ್ತಾರೆ. ವರ್ಷಕ್ಕೊಂದು ಸಲ ಬಂದು ಉಪದೇಶ ಮಾಡೋದು ಸುಲಭ."

ಕೊನೆಯ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಅವನ ಕೈಯಲ್ಲಿದ್ದ ಹಳದಿ ಬಟ್ಟೆಯನ್ನು ಕಿತ್ತು ಅವನ ಬಾಯಿಗೆ ತುರುಕಬೇಕು ಎನಿಸಿತು. ಇವನು ಕೆಟ್ಟವನಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಇವನು ಅಮ್ಮನ ಮಾತ್ರೆ ತಪ್ಪದೆ ತರುತ್ತಾನೆ, ಹುಷಾರಿಲ್ಲದಾಗ ಆಸ್ಪತ್ರೆಗೂ ಓಡುತ್ತಾನೆ. ಕಾರಿನ ಒಳಗೆ ಕೂತವಳು ಏನಾಗುತ್ತಿದ್ದಾಳೆ ಎನ್ನುವುದು ಮಾತ್ರ ಅವನ ತಲೆಗೆ ಹೋಗಿರಲಿಲ್ಲ. ಸೀಟಿನ ಮೇಲಿನ ಕಲೆ ಕಂಡಾಗ ಅಂಗಡಿಗೆ ಹೋಗಿ ಮೂರು ಸುಗಂಧದ ಡಬ್ಬಿ ತಂದಿದ್ದ. ಥೂ!

"ಸರಿ, ನೀನೇ ಒಳಗೆ ಕೂತು ನೋಡು," ಎಂದೆ. "ಯಾವ್ಯಾವ ಗೀರು ತೆಗೀಬೇಕು ಅಂತ ತೋರಿಸು."

ಗೊಣಗುತ್ತ, ಚಪ್ಪಲಿ ಕೊಡವಿ, ಹಿಂದಿನ ಸೀಟಿನಲ್ಲಿ ಕೂತ. ನಾನು ಬಾಗಿಲು ಹಾಕಿ ಕೀಲಿಯ ಗುಂಡಿ ಒತ್ತಿದೆ.

ಮೊದಲು ಅವನಿಗೆ ತಿಳಿಯಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು "ಇದು, ಇದು" ಎನ್ನುತ್ತಿದ್ದ. ಆಮೇಲೆ ಚಿಲಕ ಎಳೆದ. ಇನ್ನೊಂದು ಸಲ ಎಳೆದ. ಗಾಜಿನ ಗುಂಡಿ ಒತ್ತಿದ, ಗಾಜು ಅಲುಗಲಿಲ್ಲ. ನಕ್ಕ. ನಗು ಅರ್ಧಕ್ಕೇ ನಿಂತು, "ಲೇ, ತೆಗಿ," ಎಂದ. ದನಿ ಎಲ್ಲೋ ಬಾವಿಯಿಂದ ಬಂದಂತೆ ಕೇಳಿತು. ನಾನು ಕೈಕಟ್ಟಿ ನಿಂತೆ. ಮುಂದಿನ ಸೀಟಿನ ಸಂದಿಗೆ ನುಗ್ಗಲು ನೋಡಿದ, ಹೊಟ್ಟೆ ಬಿಡಲಿಲ್ಲ. ಮತ್ತೆ ಕೂತು ಅಂಗೈಯಿಂದ ಗಾಜು ಬಡಿಯತೊಡಗಿದ. ಹಣೆಯಿಂದ ಬೆವರು ಇಳಿದು ಕನ್ನಡಕಕ್ಕೆ ಬಿತ್ತು. "ತಮಾಷೆ ಸಾಕು! ಉಸಿರು ಕಟ್ತಾ ಇದೆ!" ಎಂದು ಕೂಗಿದ. ನನಗೆ ಸಂತೋಷವೇನೂ ಆಗಲಿಲ್ಲ. ಅವನ ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಹೀಗೇ ಅಲ್ಲವೇ ಅಮ್ಮನೂ, ಎನ್ನುವುದನ್ನು ತಲೆಯಿಂದ ದೂಡಲು ಆಗಲಿಲ್ಲ.

ಬಡಿತ ಕೇಳಿ ಅಮ್ಮ ಹೊರಗೆ ಬಂದಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಹಿಂದೆಯೇ ಅತ್ತಿಗೆ ಬಾಗಿಲಿಗೆ ಬಂದು ನಿಂತಳು. ಅಮ್ಮ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಕೆಳಗಿಟ್ಟು, ಕಾಲೆಳೆಯುತ್ತ ಗಾಜಿನ ಹತ್ತಿರ ಹೋಗಿ ಊರುಗೋಲಿನಿಂದ ಮೆಲ್ಲಗೆ ತಟ್ಟಿದಳು.

"ಕೂಗ್ಬೇಡಪ್ಪ," ಎಂದಳು. "ಕೂಗಿದ್ರೆ ಬಾಯಿ ಒಣಗುತ್ತೆ. ಆ ಕಡೆ ಸರಿದು ಕೂತ್ಕೋ, ಅಲ್ಲಿಗೆ ಬಿಸಿಲು ಆಮೇಲೆ ಬರೋದು. ಕಾಲು ಮೇಲೆತ್ತಿಕೋ, ಪ್ಲಾಸ್ಟಿಕ್ ಅಂಟುತ್ತೆ. ಮೇಲ್ಗಡೆ ರಬ್ಬರ್ ಇದೆಯಲ್ಲ, ಅದರ ಹತ್ರ ಬಾಯಿ ಇಟ್ಕೋ. ಚೂರು ಗಾಳಿ ಬರುತ್ತೆ ಅಲ್ಲಿ."

ಅಣ್ಣನ ಕೈ ಗಾಜಿನ ಮೇಲೆ ಹಾಗೇ ನಿಂತಿತು. ಅಮ್ಮನ ಮುಖ ನೋಡುತ್ತ, ಅವಳು ಹೇಳಿದ ಹಾಗೆ ಆ ಕಡೆಗೆ ಸರಿದ. ಕಾಲು ಮೇಲೆತ್ತಿಕೊಂಡ. ಕತ್ತು ಎತ್ತಿ ರಬ್ಬರಿನ ಅಂಚಿಗೆ ಬಾಯಿ ಇಟ್ಟ. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು.

"ತೆಗಿಯೇ," ಎಂದಳು ಅಮ್ಮ ನನ್ನ ಕಡೆ ತಿರುಗಿ. "ಪಾಪ, ಸೆಕೆ ಅವನಿಗೆ."

ನಾನು ಗುಂಡಿ ಒತ್ತಿ ಬಾಗಿಲು ತೆಗೆದೆ. ಅಣ್ಣ ಇಳಿದು ಕಾರಿಗೆ ಒರಗಿ ನಿಂತ. ಅಂಗಿ ಬೆನ್ನಿಗೆ ಅಂಟಿತ್ತು. ಕಾರಿಗೆ ಯಾರೂ ಒರಗಬಾರದು ಎನ್ನುವ ಅವನ ಕಾನೂನು ಅವನಿಗೇ ನೆನಪಿರಲಿಲ್ಲ. ನನ್ನ ಮುಖ ನೋಡದೆ ಕೇಳಿದ.

"ಎಷ್ಟು ಹೊತ್ತಾಯ್ತು? ಅರ್ಧ ಗಂಟೆ?"

"ಎರಡೂವರೆ ನಿಮಿಷ."

ಅಮ್ಮ ಅವನ ಹತ್ತಿರ ಹೋಗಿ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ಮೊದಮೊದಲು ಹಾಗೇ ಅನ್ಸುತ್ತೆ ಮಗ," ಎಂದಳು. "ಆಮೇಲೆ ಅಭ್ಯಾಸ ಆಗುತ್ತೆ."